ಹಿಂದಕ್ಕೆ ಬಾರದ ಕಾರು

"ಗುರುಗಳೇ, ಪ್ರೀತಿಯೇ ಇಲ್ಲದ ತಂದೆಗೆ ಮಗ ಶ್ರಾದ್ಧ ಮಾಡಲೇಬೇಕೆ?" ಎಂದು ಶಿಷ್ಯ ನಾಗಭೂಷಣ ಕೇಳಿದ. ಮಾರನೆಯ ದಿನವೇ ಅವನ ತಂದೆಯ ವರ್ಷದ ತಿಥಿ. "ಒಂದು ದಿನವಾದರೂ ನನ್ನನ್ನು ಎತ್ತಿಕೊಂಡವರಲ್ಲ. ಊರಿಗೆ ಬರುವುದಿಲ್ಲವೆಂದು ಹೇಳಿಕಳುಹಿಸಿಬಿಡಲೇ?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕತೆ ಹೇಳಿದರು. ಗುರುಗಳ ಕತೆಯೆಂದರೆ ಪುರಾಣದ್ದೇ ಆಗಬೇಕೆಂದೇನಿಲ್ಲ, ಕಾರಿನದೂ ಆದೀತು.

ಒಂದೂರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಅವನ ಹತ್ತಿರ ಪರದೇಶದ ಹಳೆಯ ಕಾರೊಂದಿತ್ತು. ಕ್ಲಚ್ ಇಲ್ಲ, ಗೇರು ತಾನಾಗಿಯೇ ಬದಲಾಗುವ ಜಾತಿ. ಆ ಸೀಮೆಗೇ ಅಂಥದ್ದು ಅದೊಂದೇ. ಆದರೆ ಐಬೊಂದಿತ್ತು. ಕಾರು ಮುಂದಕ್ಕೆ ಹೋಗುತ್ತಿತ್ತು, ಹಿಂದಕ್ಕೆ ಬರುತ್ತಿರಲಿಲ್ಲ. ಹಿಂದೆ ಸರಿಸಬೇಕಾದಾಗ ವರ್ತಕ ಇಳಿದು ಹೆಗಲು ಕೊಟ್ಟು ತಳ್ಳುತ್ತಿದ್ದ. ಜೊತೆಗೆ ಮಗನೂ ತಳ್ಳಬೇಕು. ಪೇಟೆಯ ಜನ ಸುಮ್ಮನಿದ್ದಾರೆಯೇ? "ಸಾಹುಕಾರ್ರ ಕಾರು ಇಟ್ಟ ಹೆಜ್ಜೆ ಹಿಂದಕ್ಕಿಡೋದಿಲ್ಲಪ್ಪಾ!" ಎಂದು ನಗುತ್ತಿದ್ದರು. ಮಗ ತಲೆ ತಗ್ಗಿಸುತ್ತಿದ್ದ. "ರಿಪೇರಿ ಮಾಡಿಸಿ ಅಪ್ಪಾ" ಎಂದರೆ ಅಪ್ಪ ಮತ್ತೆ ಹೆಗಲು ಕೊಟ್ಟು ತಳ್ಳುತ್ತಿದ್ದ. ಜಿಪುಣ ಎಂದು ಮಗ ತೀರ್ಮಾನಿಸಿಕೊಂಡ. ಅಪ್ಪನ ಚಿತೆ ಆರಿದ ಮೇಲೂ ಆ ಸಿಟ್ಟು ಆರಲಿಲ್ಲ.

ಕಾರು ಮಗನದಾಯಿತು. ಅವನು ಮೊದಲು ಮಾಡಿದ ಕೆಲಸ ಅದನ್ನು ಒಬ್ಬ ಮೋಟಾರು ಮೇಸ್ತ್ರಿಯ ಬಳಿಗೆ ಒಯ್ದದ್ದು. ಮೇಸ್ತ್ರಿ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಗೋಣಿತಾಟಿನ ಮೇಲೆ ಹರಡಿದ. ಇದು ಪಂಪು, ಇದು ವಾಲ್ವು, ಇದು ಸ್ಪ್ರಿಂಗು. ಎಲ್ಲಕ್ಕೂ ಹೆಸರು ಸಿಕ್ಕಿತು. ಬೆರಳುದ್ದದ ಒಂದು ಕಬ್ಬಿಣದ ತುಂಡಿಗೆ ಮಾತ್ರ ಸಿಗಲಿಲ್ಲ. ಗೇರಿನ ಸರಳಿಗೆ ಅಡ್ಡಲಾಗಿ ಬಿಗಿದಿದ್ದ ತುಂಡು ಅದು.

ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದ. "ಇದು ಈ ಮನೇಲಿ ಹುಟ್ಟಿದ್ದಲ್ಲ ಧಣಿ, ದತ್ತು ಬಂದದ್ದು. ಯಾರೋ ಅರ ಹಾಕಿ ಉಜ್ಜಿ ಕೈಯಲ್ಲೇ ಮಾಡಿದಾರೆ."

"ಏನು ಕೆಲಸ ಮಾಡುತ್ತೆ?"

"ಕೆಲಸ ಕೆಡಿಸುತ್ತೆ. ಗೇರು ರಿವರ್ಸಿಗೆ ಹೋಗದ ಹಾಗೆ ಅಡ್ಡ ನಿಂತಿದೆ. ಬಾಕ್ಸಿಗೇನೂ ಆಗಿಲ್ಲ."

"ಅಪ್ಪನಿಗೆ ಯಾರೋ ಚೆನ್ನಾಗಿ ಟೋಪಿ ಹಾಕಿ ಮಾರಿದ್ದಾರೆ" ಎಂದು ಮಗ ನಕ್ಕ. "ಅತ್ತ ಎಸೆ."

ಕಾರು ಸಿದ್ಧವಾದ ಸಂಜೆ ಮಗ ಮನೆಯ ಗೇಟಿನ ಮುಂದೆ ಬೇಕೆಂದೇ ಅದನ್ನು ತಿರುಗಿಸಿ, ಹಿಂದುಹಿಂದಾಗಿ ಅಂಗಳಕ್ಕೆ ತಂದ. ಸಂಡಿಗೆ ಒಳಗೆ ಒಯ್ಯುತ್ತಿದ್ದ ತಾಯಿ ಮೊರ ಬಿಸುಟು ಚೀರಿದಳು. ಕಾರು ನಿಂತಿತು.

"ನೋಡಮ್ಮಾ, ಸರಿಹೋಯ್ತು!" ಎನ್ನುತ್ತ ಮಗ ಇಳಿದ.

ತಾಯಿ ಅವನತ್ತ ನೋಡಲಿಲ್ಲ. ಕಾರಿನ ಹಿಂದೆ ಮೊಣಕಾಲೂರಿ, ಚಕ್ರದ ಕೆಳಗೆ ಕೈ ಹಾಕಿ ತಡಕಾಡುತ್ತಿದ್ದಳು.

"ಏನು ಬಿತ್ತಮ್ಮಾ?"

ಅವಳ ಕೈ ನಿಂತಿತು. "ನಿನಗಿಂತ ಮುಂಚೆ ಒಬ್ಬನಿದ್ದ" ಎಂದಳು. "ಆಗಷ್ಟೇ ನಡಿಗೆ ಕಲಿತಿದ್ದ. ಅಪ್ಪ ಹೊರಟರೆ ಸಾಕು, ಓಡಿಬರುತ್ತಿದ್ದ. ಅವತ್ತು ಬಂದದ್ದು ಇವರಿಗೆ ಕಾಣಲಿಲ್ಲ. ಮಗೂನ ಮಣ್ಣು ಮಾಡಿ ಬಂದವರು ಹಿತ್ತಲಲ್ಲಿ ಕೂತು ಕಬ್ಬಿಣ ಉಜ್ಜಿದರು. ಈ ಕಾರು ಮಾರಿಬಿಡಿ ಅಂತ ಕಾಲು ಹಿಡಿದೆ. 'ಮಾರಿದರೆ ಕೊಂಡವನು ಹಿಂದಕ್ಕೆ ಓಡಿಸುತ್ತಾನೆ' ಅಂದರು."

ಮಗ ಆ ಕಬ್ಬಿಣದ ತುಂಡಿಗಾಗಿ ಮೇಸ್ತ್ರಿಯ ಅಂಗಡಿಗೆ ಓಡಿದ. ಗುಜರಿಯವನು ಆಗಲೇ ಬಂದು ಹೋಗಿದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

"ಆಮೇಲೆ, ಗುರುಗಳೇ?"

"ನಾಗಭೂಷಣ, ನಿನ್ನ ತಾಯಿ ಇನ್ನೂ ಇದ್ದಾರಲ್ಲವೆ?"