ಸೂರು ಮುಟ್ಟದ ಕಂಬ

“ಹೇಳಬೇಕೋ, ಬಿಡಬೇಕೋ?” ಎಂದು ಅಡವೀಶ ಕೇಳಿದ.

ಗುರು ಕಿಟಕಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಹತ್ತಿಯಿಂದ ಕಣ್ಣೆತ್ತಲಿಲ್ಲ.

“ಯಾರಿಗೆ?”

“ರಾಚಯ್ಯಜ್ಜನಿಗೆ.”

“ಏನನ್ನು?”

ಅಡವೀಶ ಮೊದಲಿನಿಂದ ಹೇಳಿದ. ಗುರುವಿಗೆ ಅರ್ಧ ಗೊತ್ತಿತ್ತು. ಆದರೂ ಕೇಳಿಸಿಕೊಂಡರು.

ಮಠದಲ್ಲಿ ಒಂದು ಕಂಪ್ಯೂಟರ್ ಇತ್ತು. ಯಾವುದೋ ಕಚೇರಿಯವರು ದಾನವಾಗಿ ಕೊಟ್ಟದ್ದು. ಕೊಡುವ ಹೊತ್ತಿಗೆ ಅವರಿಗೆ ಅದರ ಕೆಲಸ ಮುಗಿದಿತ್ತು. ಮಠಕ್ಕೆ ಬರುವ ದಾನಗಳು ಬಹುಮಟ್ಟಿಗೆ ಅಂಥವೇ. ಅದರ ಮುಂದೆ ರಾಚಯ್ಯಜ್ಜ ಕೂರುತ್ತಿದ್ದ. ಮಠದ ಭಜನೆಯಲ್ಲಿ ಹಿಂದೆ ಹಾಡುತ್ತಿದ್ದ ಪದಗಳನ್ನು ನೆನಪಿನಿಂದ ತೆಗೆದು ಟೈಪ್ ಮಾಡುವುದು ಅವನ ಕೆಲಸ. ಆ ಪದಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಹಾಡುತ್ತಿದ್ದವರಲ್ಲಿ ಉಳಿದವನು ಅವನೊಬ್ಬ.

ಪದ ಕರೆದಾಗ ಬರುವುದಿಲ್ಲ, ತಾನಾಗಿ ಬಂದಾಗ ಹಿಡಿಯಬೇಕು ಎನ್ನುತ್ತಿದ್ದ ಅಜ್ಜ. ಹಾಗಾಗಿ ದಿನವೂ ಬೆಳಿಗ್ಗೆ ಬಂದು ಪರದೆಯ ಮೇಲಿನ ಹಸಿರು ಗುಡ್ಡವನ್ನೂ ನೀಲಿ ಆಕಾಶವನ್ನೂ ನೋಡುತ್ತ ಕೂರುತ್ತಿದ್ದ. ಆ ಗುಡ್ಡ ಕಂಪ್ಯೂಟರಿನ ಜೊತೆಗೇ ಬಂದ ಚಿತ್ರ. ಎಷ್ಟೋ ಕಚೇರಿಗಳಲ್ಲಿ ಅದೇ ಗುಡ್ಡ ಇರುತ್ತದೆ, ಯಾರೂ ಅದನ್ನು ನೋಡುವುದಿಲ್ಲ. ಅಜ್ಜ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಕಣ್ಣು ಅರ್ಧ ಮುಚ್ಚುತ್ತಿತ್ತು. ಆಗ ಗುಡ್ಡದ ಆಚೆ ಇಳಿಜಾರಿನಲ್ಲಿ ಯಾರೋ ಹಾಡಿಕೊಂಡು ಹೋಗುತ್ತಿರುವಂತೆ ಒಂದು ಸಾಲು ಬರುತ್ತಿತ್ತು. ಅದನ್ನು ಟೈಪ್ ಮಾಡುತ್ತಿದ್ದ. ಪದ ಪೂರ್ತಿಯಾದ ಮೇಲೆಯೇ ಸೇವ್ ಮಾಡುತ್ತಿದ್ದ. ಅರ್ಧ ಪದವನ್ನು ಉಳಿಸಿಟ್ಟರೆ ಅದು ಅರ್ಧವಾಗಿಯೇ ಉಳಿಯುತ್ತದೆ ಎಂದು ಅವನ ನಂಬಿಕೆ. ಅಡವೀಶ ಹೇಳಿ ಹೇಳಿ ಸೋತಿದ್ದ.

ಹೋದ ವರ್ಷ ಕಂಪ್ಯೂಟರ್ ಸೋತಿತು. ಅದರೊಳಗಿನ ಆಪರೇಟಿಂಗ್ ಸಿಸ್ಟಮ್ ಹೊಸದಾದಾಗಲೆಲ್ಲ ಇನ್ನಷ್ಟು ಭಾರವಾಗುತ್ತ ಹೋಗಿತ್ತು. ಕೊನೆಗೆ ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಅಜ್ಜನಿಗೆ ಮುಂದಿನ ಸಾಲು ಮರೆತುಹೋಗುತ್ತಿತ್ತು. ಅಡವೀಶ ಅದನ್ನು ಅಳಿಸಿ, ಹಗುರವಾದ ಬೇರೊಂದನ್ನು ಹಾಕಿದ. ಕಂಪ್ಯೂಟರ್ ಚುರುಕಾಯಿತು. ಮರುದಿನ ಅಜ್ಜ ಬಂದ. ಕಪ್ಪು ಪರದೆ, ಮೇಲ್ಗಡೆ ಒಂದು ಪಟ್ಟಿ, ಮೂಲೆಯಲ್ಲಿ ಏನೇನೋ ಗುರುತುಗಳು. ನಿಂತೇ ನೋಡಿದ.

“ತಮ್ಮಾ, ಇದು ಯಾರ ಮನಿಯೋ?” ಎಂದ. ಹೊರಟುಹೋದ. ವಾರಗಟ್ಟಲೆ ಬರಲಿಲ್ಲ.

ಅಡವೀಶ ಹಗುರವಾದದ್ದಕ್ಕೆ ಹಳೆಯದರ ವೇಷ ಹಾಕಿದ. ಪಟ್ಟಿಯನ್ನು ಕೆಳಕ್ಕೆ ತಂದು ನೀಲಿ ಬಳಿದ. ಎಡ ಮೂಲೆಯಲ್ಲಿ ಅದೇ ಗುಂಡಿ ಇಟ್ಟ. ಹಳದಿ ಫೋಲ್ಡರ್, ಕಸದ ಬುಟ್ಟಿ, ಗಡಿಯಾರ ಎಲ್ಲವೂ ಮೊದಲಿದ್ದ ಜಾಗಕ್ಕೆ ಬಂದವು. ಕಂಪ್ಯೂಟರ್ ಶುರುವಾಗುವಾಗ ಬರುತ್ತಿದ್ದ ಸದ್ದನ್ನೂ ಎಲ್ಲಿಂದಲೋ ಹುಡುಕಿ ತಂದ. ಕೊನೆಗೆ ಗುಡ್ಡ. ಆಮೇಲೆ ಅಜ್ಜನನ್ನು ಕರೆತಂದ.

“ರಿಪೇರಿ ಆತು, ಅಜ್ಜಾ. ನಿಮ್ದ ಐತಿ, ನೋಡ್ರಿ.”

ಅಜ್ಜ ಗುಡ್ಡ ನೋಡಿದ. ಕೂತ. “ಹೌದಲ್ಲೋ! ಆವತ್ತು ನನ್ನ ಕಣ್ಣs ಮಂಜಾಗಿತ್ತೇನೋ,” ಎಂದ.

ಅಲ್ಲಿಂದ ವರ್ಷವಿಡೀ ಪದಗಳು ಬಂದವು.

ಈ ಬೆಳಿಗ್ಗೆ ಒಂದು ಪದ ಬಂತು. ಅಜ್ಜನಿಗೆ ಹಾಡು ಕಲಿಸಿದವನು ಕೊನೆಗಾಲದಲ್ಲಿ ಹಾಡಿದ ಪದ. ಅಜ್ಜ ಅದಕ್ಕಾಗಿಯೇ ಇಷ್ಟು ವರ್ಷ ಕಾದಿದ್ದ. ಇನ್ನೇನು ಮುಗಿಯಬೇಕು, ಟೈಪ್ ಮಾಡುವ ಪುಟ ನಿಂತುಬಿಟ್ಟಿತು. ಒತ್ತಿದ ಅಕ್ಷರ ಮೂಡಲಿಲ್ಲ. ಆಮೇಲೆ ಎಲ್ಲವೂ ಮುಚ್ಚಿಹೋಯಿತು. ಮತ್ತೆ ತೆರೆದಾಗ ಗುಡ್ಡ ಇತ್ತು, ಪದ ಇರಲಿಲ್ಲ. ಅಜ್ಜ ಕಣ್ಣು ಮುಚ್ಚಿ ಕೂತು ನೋಡಿದ. ಮೊದಲ ಸಾಲು ಬಂತು. ಅದರಾಚೆ ಏನೂ ಬರಲಿಲ್ಲ.

“ನನ್ನ ಕೈ ಏನೋ ಒತ್ತಿತು, ತಮ್ಮಾ. ನಂದs ತಪ್ಪು. ಇನ್ನ ಈ ಕೈ ನಂಬಿ ಕೂಡೂದ್ರಾಗ ಅರ್ಥ ಇಲ್ಲ. ನಾಳಿಂದ ನಾ ಬರಾಂಗಿಲ್ಲ.”

ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಅಜ್ಜ ಹೋಗಿದ್ದ.

ಅಡವೀಶ ಇಷ್ಟನ್ನು ಹೇಳಿದ. ಹೇಳದೆ ಬಿಟ್ಟದ್ದು ಒಂದಿತ್ತು. ಪುಟ ನಿಂತದ್ದಕ್ಕೂ ಎಲ್ಲ ಮುಚ್ಚಿಹೋದದ್ದಕ್ಕೂ ನಡುವೆ ಅವನು ಓಡಿಬಂದಿದ್ದ. ಅಜ್ಜನ ಹೆಗಲ ಮೇಲಿಂದ ಕೈಚಾಚಿ ಮೂರು ಕೀಗಳನ್ನು ಒಟ್ಟಿಗೆ ಒತ್ತಿದ್ದ. ಹಳೆಯದರಲ್ಲಿ ಹಾಗೆ ಒತ್ತಿದರೆ ನಿಂತುಹೋದದ್ದನ್ನು ಮಾತ್ರ ಮುಚ್ಚುವ ದಾರಿ ಸಿಗುತ್ತಿತ್ತು. ಹಗುರವಾದದ್ದರಲ್ಲಿ ಅದೇ ಮೂರು ಕೀ ಒತ್ತಿದರೆ ತೆರೆದದ್ದೆಲ್ಲ ಮುಚ್ಚುತ್ತದೆ. ಇದು ಅವನಿಗೆ ಗೊತ್ತಿರದ ವಿಷಯವೇನಲ್ಲ. ಅದನ್ನು ಹಾಕಿದವನೇ ಅವನು. ಆದರೂ ಬೆರಳುಗಳು ತಾವಾಗಿ ಹೋಗಿದ್ದವು. ಅದನ್ನು ಗುರುವಿಗೆ ಹೇಳಬೇಕು ಎಂದು ಅವನಿಗೆ ತೋರಲಿಲ್ಲ. ತೋರದಿರುವುದು ಅನುಕೂಲವೂ ಆಗಿತ್ತು. ಬೆಳಿಗ್ಗೆಯೂ ಗುರು, ಕಂಪ್ಯೂಟರಿನ ಕೋಣೆ ಕಾಣುವ ಇದೇ ಕಿಟಕಿಯಲ್ಲಿ, ಇದೇ ಹತ್ತಿ ಹಿಡಿದು ಕೂತಿದ್ದರು.

“ಇದು ನಿಮ್ಮ ಹಳೆಯದಲ್ಲ ಎಂದು ಹೇಳಿದರೆ ಅಜ್ಜ ಮತ್ತೆ ಕಂಪ್ಯೂಟರ್ ಮುಟ್ಟುವುದಿಲ್ಲ. ಹೇಳದಿದ್ದರೆ ತನ್ನ ಕೈಯನ್ನು ನಂಬುವುದಿಲ್ಲ. ಹೇಗಿದ್ದರೂ ಪದಗಳು ಹೋಗುತ್ತವೆ,” ಎಂದ ಅಡವೀಶ. “ಅವನ ಒಳ್ಳೆಯದಕ್ಕೇ ಹಾಕಿದ ವೇಷ. ಹೇಳಬೇಕೋ, ಬಿಡಬೇಕೋ?”

“ಒಬ್ಬ ವ್ಯಾಪಾರಿಯಿದ್ದ,” ಎಂದರು ಗುರು.

ಅಡವೀಶ ಗೋಡೆಗೆ ಒರಗಿದ. ಹೌದು ಅಥವಾ ಅಲ್ಲ ಎಂಬ ಉತ್ತರ ಬೇಕಾದಾಗಲೆಲ್ಲ ಈ ಮಠದಲ್ಲಿ ವ್ಯಾಪಾರಿ ಸಿಗುತ್ತಿದ್ದ.

ಒಬ್ಬ ವ್ಯಾಪಾರಿಗೆ ಮುಪ್ಪಿನಲ್ಲಿ ಕಣ್ಣು ಹೋಯಿತು. ಜೊತೆಗೆ ಮಗಳೊಬ್ಬಳೇ ಇದ್ದಳು. ಅವರದು ಮಣ್ಣಿನ ಮಾಳಿಗೆಯ ಮನೆ. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುತ್ತಿದ್ದರು. ಹಳೆಯ ಮಣ್ಣನ್ನು ಯಾರೂ ತೆಗೆಯುತ್ತಿರಲಿಲ್ಲ. ಹೀಗೆ ತಲೆಮಾರುಗಳ ಮಣ್ಣು ತೊಲೆಗಳ ಮೇಲೆ ಕೂತಿತ್ತು. ನಡುಮನೆಯ ಒಂದು ಕಂಬ ಅದೆಲ್ಲವನ್ನೂ ಹೊತ್ತಿತ್ತು. ವ್ಯಾಪಾರಿ ಹಾಸಿಗೆಯಿಂದ ಬಾಗಿಲಿಗೆ ಬರುವಾಗ ಆ ಕಂಬವನ್ನು ಮುಟ್ಟಿಯೇ ಬರುತ್ತಿದ್ದ. ಗಾಳಿ ಎದ್ದರೆ ಬಾಗಿಲು ಹಾಕಿ ಮನೆಯವರೆಲ್ಲ ಆ ಕಂಬವನ್ನು ತಬ್ಬಿ ನಿಲ್ಲುತ್ತಿದ್ದರು. ಅಜ್ಜಂದಿರ ಕಾಲದಿಂದ ಹಾಗೆಯೇ.

ಒಂದು ವರ್ಷ ಆ ಕಂಬ ಸೀಳಿತು. ಮಗಳು ಮೇದಾರನನ್ನು ಕರೆಸಿ, ಅಲ್ಲೇ ಪಕ್ಕದಲ್ಲಿ ಒಂದು ಹಗುರವಾದ ಮನೆ ಕಟ್ಟಿಸಿದಳು. ಬಿದಿರಿನ ಗೋಡೆ, ಹುಲ್ಲಿನ ಸೂರು. ಮೇದಾರ ಹೋಗುವಾಗ ಒಂದು ಮಾತು ಹೇಳಿದ.

“ಯವ್ವಾ, ಗಾಳಿ ಬಂದ್ರ ಎರಡೂ ಬಾಗಿಲಾ ತಗದಿಡು. ಹಾದು ಹೋಗಲಿ. ಮುಚ್ಚಿದ್ರ ಮನೀನs ಎತ್ತತೈತಿ.”

ಕುರುಡನಿಗೆ ಮನೆ ಇರುವುದು ಕೈಯಲ್ಲಿ, ಕಾಲಿನಲ್ಲಿ. ಮಗಳಿಗೆ ಅದು ತಿಳಿದಿತ್ತು. ಹೊಸ್ತಿಲನ್ನು ಹಳೆಯ ಎತ್ತರಕ್ಕೇ ಇಡಿಸಿದಳು. ಕಟ್ಟೆಯನ್ನು ಹಳೆಯ ಕಡೆಗೇ ಕಟ್ಟಿಸಿದಳು. ನೀರಿನ ಹರವಿ ಹಳೆಯ ಮೂಲೆಗೆ ಬಂತು. ಉಳಿದದ್ದು ಕಂಬ. ಹುಲ್ಲಿನ ಸೂರಿಗೆ ಕಂಬ ಬೇಡ. ತಾಗಿದರೆ ಸೂರು ಅಲುಗಿದಾಗ ಹುಲ್ಲು ಹರಿಯುತ್ತದೆ. ಆದ್ದರಿಂದ ಕಂಬವನ್ನು ನೆಟ್ಟು, ಅದರ ತಲೆಗೂ ಸೂರಿಗೂ ನಡುವೆ ಒಂದು ಗೇಣು ಬಿಟ್ಟರು. ಹೊಸ ಮರ ಒರಟಾಗಿತ್ತು. ಹಳೆಯ ಕಂಬದಲ್ಲಿ ಅಪ್ಪನ ಕೈಯಾಡಿ ನಯವಾಗಿದ್ದ ಜಾಗ ಯಾವುದೋ, ಹೊಸದರಲ್ಲಿ ಆ ಜಾಗಕ್ಕೆ ಎಣ್ಣೆ ಹಚ್ಚಿ ಅಂಗೈಯಿಂದ ತಿಕ್ಕಿದಳು. ಬೇಸಗೆಯಿಡೀ ತಿಕ್ಕಿದಳು.

ವ್ಯಾಪಾರಿಗೆ ಜ್ವರ ಬಂದು ಮೈಮರೆತು ಮಲಗಿದ್ದಾಗ ಮಂಚಸಮೇತ ಅವನನ್ನು ಹೊತ್ತು ತಂದರು. ಜ್ವರ ಬಿಟ್ಟಿತು. ಎದ್ದ. ಕಂಬ ಮುಟ್ಟಿದ, ಬಾಗಿಲಿಗೆ ನಡೆದ.

“ಅಷ್ಟಕ್ಕೇ ನಂಬಿಬಿಟ್ಟನೇ?” ಎಂದ ಅಡವೀಶ.

“ಗುಡ್ಡ ನೋಡಿ ನಂಬಲಿಲ್ಲವೇ?” ಎಂದರು ಗುರು.

ಕೆಲವು ದಿನ ಕಳೆದ ಮೇಲೆ ವ್ಯಾಪಾರಿ ಮಗಳನ್ನು ಕರೆದ. “ತೊಲಿ ಕಿರುಗುಟ್ಟೂದು ಕೇಳವಲ್ದು. ಕಿವೀನೂ ಹೋದುವೇನs?” ಎಂದ.

“ವಯಸ್ಸಾತಲ್ಲಪ್ಪಾ,” ಎಂದಳು ಮಗಳು.

ವ್ಯಾಪಾರಿ ಒಪ್ಪಿಕೊಂಡ. ಅಂದಿನಿಂದ ಕಿವುಡರಂತೆ ಗಟ್ಟಿಯಾಗಿ ಮಾತಾಡತೊಡಗಿದ.

ನೆರೆಯ ಹೆಂಗಸೊಬ್ಬಳು ಬಂದಳು. ಮೇಲೆ ನೋಡಿದಳು, ನಕ್ಕಳು. “ಏನs ಇದು? ಈ ಕಂಬ ಏನ ಹೊತ್ತೈತಿ?”

“ನಮ್ಮಪ್ಪನ ಕೈ,” ಎಂದಳು ಮಗಳು.

ವರ್ಷಗಳು ಹೋದವು. ಕಂಬದ ತಲೆಯ ಮೇಲೆ, ಆ ಗೇಣಿನ ಜಾಗದಲ್ಲಿ, ಗುಬ್ಬಿ ಗೂಡು ಕಟ್ಟಿತು. ಮಗಳು ಕಂಬಕ್ಕೆ ಗೂಟ ಹೊಡೆದು ಕಂದೀಲು ತೂಗುಹಾಕಿದಳು. ಹಬ್ಬಕ್ಕೆ ಸುಣ್ಣ ಬಳಿದು ಕುಂಕುಮ ಹಚ್ಚಿದಳು. ದಣಿದಾಗ ಅದಕ್ಕೇ ಒರಗಿದಳು. ಮೊದಮೊದಲು ಒರಗುವ ಮುಂಚೆ ಒಮ್ಮೆ ಮೇಲೆ ನೋಡುತ್ತಿದ್ದಳು. ಆಮೇಲೆ ನೋಡುವುದು ಬಿಟ್ಟಳು. ಮಧ್ಯಾಹ್ನ ಕಂಬಕ್ಕೆ ಬೆನ್ನುಕೊಟ್ಟು ತೂಕಡಿಸುವಾಗ, ತಲೆಯ ಮೇಲೆ ತೊಲೆಗಳು ಕಿರುಗುಟ್ಟಿದಂತೆ ಅವಳಿಗೆ ಕೇಳಿಸುತ್ತಿತ್ತು. ಮಣ್ಣಿನ ತಂಪು ಇಳಿದುಬಂದು ಹೆಗಲಿಗೆ ತಾಗಿದಂತಿರುತ್ತಿತ್ತು. ನಿದ್ದೆ ಬರುತ್ತಿತ್ತು.

ಬೇಸಗೆ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಗಾಳಿ ಎದ್ದಿತು. ಧೂಳು ಆಕಾಶ ಮುಟ್ಟಿತು. ಮಗಳು ಓಡಿಹೋಗಿ ಮುಂಬಾಗಿಲು ಹಾಕಿದಳು. ಹಿಂಬಾಗಿಲು ಹಾಕಿದಳು. ಎರಡಕ್ಕೂ ಅಗಳಿ ಜಡಿದಳು. ಅಪ್ಪನ ಕೈಹಿಡಿದು ತಂದು ಕಂಬ ತಬ್ಬಿಸಿದಳು, ತಾನೂ ತಬ್ಬಿದಳು. ಮೇದಾರನ ಮಾತು ಅವಳಿಗೆ ಮರೆತಿರಲಿಲ್ಲ. ಯಾರಾದರೂ ಕೇಳಿದ್ದರೆ ಅಕ್ಷರಶಃ ಹೇಳುತ್ತಿದ್ದಳು. ಆಗ ಯಾರೂ ಕೇಳಲಿಲ್ಲ.

ಕೋಳಿಮರಿಗಳ ಮೇಲೆ ಮುಚ್ಚಿದ ಬುಟ್ಟಿಯನ್ನು ಎತ್ತುವ ಹಾಗೆ ಗಾಳಿ ಮನೆಯನ್ನು ಎತ್ತಿಕೊಂಡು ಹೋಯಿತು.

ಆಮೇಲೆ ಸದ್ದಿಲ್ಲ. ಬಯಲಿನ ನಡುವೆ ಕಂಬ ನಿಂತಿತ್ತು. ಅದನ್ನು ತಬ್ಬಿ ಇಬ್ಬರು ನಿಂತಿದ್ದರು. ವ್ಯಾಪಾರಿಯ ಮುಖದ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಇಷ್ಟು ವರ್ಷ ಅವನ ಕೈ ಕಂಬದ ಆ ನಯವಾದ ಜಾಗ ಬಿಟ್ಟು ಮೇಲೆ ಹೋಗಿರಲಿಲ್ಲ. ಈಗ ಹೋಯಿತು. ತುದಿಗಾಲಿನಲ್ಲಿ ನಿಂತು ತಡವಿದ. ಮರ ಮುಗಿಯಿತು. ಗುಬ್ಬಿಯ ಗೂಡು ಸಿಕ್ಕಿತು. ಅದರ ಮೇಲೆ ಏನೂ ಸಿಗಲಿಲ್ಲ.

“ಇದು ನಮ್ಮ ಮನಿ ಕಂಬ ಅಲ್ಲ,” ಎಂದ. ಗಟ್ಟಿಯಾಗಿ ಹೇಳಲಿಲ್ಲ, ಮೆಲ್ಲಗೆ ಹೇಳಿದ.

“ಅಲ್ಲೇನಪ್ಪಾ?” ಎಂದಳು ಮಗಳು.

ಗುರು ಕತೆ ನಿಲ್ಲಿಸಿದರು. ಇನ್ನೊಂದು ಚೂರು ಹತ್ತಿ ತೆಗೆದುಕೊಂಡು ಎಳೆಯತೊಡಗಿದರು. ಅಡವೀಶ ಕಾದ. ಗಾಳಿಯಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಹತ್ತಿಯ ನೂಲುಗಳು ತೇಲುತ್ತಿದ್ದವು. ಆಚೆಯ ಕೋಣೆಯಲ್ಲಿ ಗುಡ್ಡ ಹಸಿರಾಗಿತ್ತು. ಅದರ ಮುಂದಿನ ಕುರ್ಚಿ ಖಾಲಿಯಿತ್ತು.

“ಆಗಲೂ ಅಪ್ಪನಿಗೆ ಸುಳ್ಳು ಹೇಳಿದಳೇ?”

“ಇಲ್ಲ. ಗೊತ್ತಿಲ್ಲದೆ ಕೇಳಿದಳು.”

ಅಡವೀಶ ಯೋಚಿಸಿದ. ಕತೆಯ ತಿರುಳು ಸಿಕ್ಕಿತು ಎನ್ನಿಸಿತು. ಅವನಿಗೆ ಬೇಗ ಸಿಗುತ್ತಿತ್ತು.

“ಹಾಗಾದರೆ ಅಜ್ಜನಿಗೆ ಹೇಳಿಬಿಡು ಎನ್ನುತ್ತೀರಿ. ಅವನ ಕೈಯಲ್ಲಿರುವುದು ಹಳೆಯದಲ್ಲ ಎಂದು ಅವನಿಗೆ ತಿಳಿಯಬೇಕು.”

ಗುರು ಬತ್ತಿಯನ್ನು ಮುಗಿಸಿ ತಟ್ಟೆಯಲ್ಲಿಟ್ಟರು. ಮೊದಲ ಸಲ ಕಣ್ಣೆತ್ತಿದರು.

“ಬೆಳಿಗ್ಗೆ ಆ ಮೂರು ಕೀ ಒತ್ತುವಾಗ ನಿನ್ನ ಕೈ ಯಾರ ಮನೆಯಲ್ಲಿತ್ತು, ಅಡವೀಶ?”

ಅಡವೀಶ ಗೋಡೆಗೆ ಒರಗಿದ್ದ ಬೆನ್ನನ್ನು ಮೆಲ್ಲಗೆ ಬಿಡಿಸಿಕೊಂಡ.