ಹಠ ನುಂಗಿದ ದೆವ್ವ

ಒಂದಾನೊಂದು ಊರಂತೆ. ಊರಿಗೆ ಹೆಸರೂ ಇತ್ತಂತೆ, ನನಗೆ ಕಥೆ ಹೇಳಿದ ಅಜ್ಜಿ ಅದನ್ನು ಎಲೆಅಡಿಕೆ ಜೊತೆ ಅಗಿದುಬಿಟ್ಟಳು. ಅಲ್ಲಿ ಬುಟ್ಟಿ ಹೆಣೆಯೋ ಕೆಂಚಮ್ಮ, ಅವಳಿಗೊಂದು ಪುಟ್ಟ ಮಗಳು ಚಿಕ್ಕತಾಯಿ. ಮಗುವೋ, ಕೂತಲ್ಲಿ ಕೂರದು, ನಿಂತಲ್ಲಿ ನಿಲ್ಲದು. ಈಗ ನಗು, ಈಗಲೇ ಕಿರುಚಾಟ. ಹೆಣೆದ ಬುಟ್ಟಿ ಬಿಚ್ಚೋದೇ ಕೆಲಸ.

ಹಸಿದು ಅತ್ತರೂ ಕೆಂಚಮ್ಮ "ಹಠ" ಅನ್ನೋಳು. ನಿದ್ದೆ ಬಂದು ಅತ್ತರೂ "ಹಠ". ನಾಯಿಗೆ ಹೆದರಿ ಅತ್ತರೂ "ಹಠ". ಸಿಟ್ಟು ಬಂದು ಕಿರುಚಿದರೂ "ಹಠ". ಊರಿನವರೂ ಹೌದೌದು ಅನ್ನೋರಂತೆ. ಅನ್ನೋಕೇನು, ಅವರಪ್ಪನ ಗಂಟು ಹೋಗುತ್ತಾ?

ಒಂದಿನ ಹುಣಸೆಮರದಡಿ ಕೆಂಚಮ್ಮ ಬಿದಿರು ಸೀಳ್ತಾ ಇದ್ದಾಗ ಮಗು ನೆಲಕ್ಕೆ ಬಿದ್ದು ಹೊರಳಾಡಿತು. ಅವಳಿಗೆ ತಲೆ ಕೆಟ್ಟೋಯ್ತು.

"ಇವಳ ಹಠಾನ ಯಾವ್ದಾದ್ರೂ ದೆವ್ವ ನುಂಗ್ಬಾರ್ದಾ!"

ಮರದಲ್ಲೊಂದು ದೆವ್ವ ಇತ್ತಂತೆ. ಯಾರೂ ಕರೆಯದ ದೆವ್ವ, ಪಾಪ. ದಡಕ್ಕನೆ ಇಳಿದು, ಕೆಂಚಮ್ಮ ಏನೇನಕ್ಕೆ ಹಠ ಅಂದಿದ್ದಳೋ ಅಷ್ಟನ್ನೂ ಬಾಚಿ ನುಂಗಿ ಮೇಲೇರಿತು.

ಮಗು ತೆಪ್ಪಗಾಯಿತು. ಊಟ ಕೇಳಲಿಲ್ಲ, ನಿದ್ದೆ ಮಾಡಲಿಲ್ಲ. ನಾಯಿ ಮೂಸಿದರೂ ಅಲ್ಲಾಡಲಿಲ್ಲ. ಕೆಂಚಮ್ಮ ನೀರು ಹೊತ್ತು ಬಂದರೆ ಓಡಿ ಬಂದು ಕಾಲು ತಬ್ಬಲಿಲ್ಲ. ಆಗ ಹುಣಸೆಮರದಡಿ ತಾನಂದ ಮಾತು ಅವಳಿಗೆ ನೆನಪಾಯ್ತು. ಮಗುವನ್ನೆತ್ತಿಕೊಂಡು ಮರದಡಿಗೆ ಓಡಿದಳು.

ಅಲ್ಲಿ ದೆವ್ವಕ್ಕೋ ಕೂರಕ್ಕಾಗ್ತಿಲ್ಲ! ಈ ಕೊಂಬೆಗೆ ಹಾರುತ್ತೆ, ಆ ಕೊಂಬೆಗೆ ಹಾರುತ್ತೆ, ಗೊಳೋ ಅಂತ ಅಳುತ್ತೆ.

"ನನ್ನ ಮಗೀಂದು ಕೊಟ್ಬುಡಪ್ಪಾ!"

"ತಗೊಳ್ಳವ್ವಾ, ನಿನ್ನ ಕಾಲಿಗೆ ಬೀಳ್ತೀನಿ. ಹೊಟ್ಟೇಲಿ ಎಲ್ಲಾ ಸಿಕ್ಕಾಗ್ಯದೆ. ಹೆಸ್ರು ಹಿಡ್ದು ಕರಿ, ಆಚೆಗೆ ಬತ್ತವೆ."

"ಹಠ!"

"ಆ ಹೆಸರಿಂದು ಒಂದೂ ಇಲ್ಲ ಕಣವ್ವಾ!"

ಕೆಂಚಮ್ಮ ನಿಂತು ಯೋಚಿಸಿದಳು. "ಹಸಿವು," ಅಂದಳು. ದೆವ್ವ ತೇಗಿತು, ಮಗು ತುಟಿ ಚಪ್ಪರಿಸಿತು. "ನಿದ್ದೆ." ಮಗು ಕಣ್ಣುಜ್ಜಿತು. "ಹೆದರಿಕೆ. ಸಿಟ್ಟು." ಮಗು ಅವಳ ಸೆರಗು ಹಿಡಿದು ಜಗ್ಗಿತು.

"ಇನ್ನೊಂದದೆ," ಅಂತು ದೆವ್ವ ಕುಣೀತಾ. "ಅವತ್ತು ಹೊರಳಾಡ್ದಾಗಿಂದು. ಬಿರ್ರನೆ ಹೇಳವ್ವಾ!"

ಅವತ್ತು? ಬೆಳಿಗ್ಗೆಯಿಂದ ಮಗುವಿಗೆ ಬೆನ್ನು ಹಾಕಿ ಬಿದಿರು ಸೀಳಿದ್ದಳಲ್ಲ! ಕೆಂಚಮ್ಮ ಮಗುವನ್ನು ತನ್ನತ್ತ ತಿರುಗಿಸಿಕೊಂಡಳು.

"ನಾನು," ಅಂದಳು. "ನಾನು ಬೇಕಾಗಿತ್ತು ಅವಳಿಗೆ."

ದೆವ್ವ ದೊಡ್ಡದಾಗಿ ತೇಗಿ, ಕೊಂಬೆಗೊರಗಿ ಗೊರಕೆ ಹೊಡೆಯಿತು. ಮಗು "ಅವ್ವಾ!" ಅಂತ ಕಿರುಚಿ ಕೊರಳಿಗೆ ಬಿತ್ತು. ಮಾರನೆ ದಿನ ಮತ್ತೆ ಬುಟ್ಟಿ ಬಿಚ್ಚಿತು. ಹುಟ್ಟುಗುಣ, ಅದು ಹೋಗುತ್ತಾ? ಕೆಂಚಮ್ಮ ಮಾತ್ರ ಬಿದಿರು ಕೆಳಗಿಟ್ಟು, "ಏನಾಯ್ತು ಮಗಾ?" ಅಂತ ಕೇಳಿದಳಂತೆ.

ದೆವ್ವ ಕೊಂಬೆಗೆ, ಮಗು ಕಂಕುಳಿಗೆ, ಕಥೆ ನಿಮ್ಮ ಕಿವಿಗೆ.