ಅರಳಿ ಎಲೆ ಯಾಕೆ ಸುಮ್ಮನಿರುವುದಿಲ್ಲ

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು, ಮಗೂ. ಹೊಳೆಗೆ ತನ್ನ ದಾರಿ ಪೂರ್ತಿ ಗೊತ್ತಿರಲಿಲ್ಲ. ಬೆಟ್ಟಗಳು ಎಲ್ಲಿ ಕೂರಬೇಕು ಅಂತ ಇನ್ನೂ ಜಾಗ ನೋಡುತ್ತಿದ್ದವು. ಗಾಳಿ, ಮರ, ಮನುಷ್ಯರು ಎಲ್ಲರೂ ಒಂದೇ ಭಾಷೆ ಮಾತಾಡುತ್ತಿದ್ದರು.

ಆಗ ಅರಳಿ ಮರದ ಎಲೆ ಅಲುಗುತ್ತಲೇ ಇರಲಿಲ್ಲ. ಅದಕ್ಕೆ ಈಗಿನ ಹಾಗೆ ಉದ್ದನೆಯ ತೊಟ್ಟೂ ಇರಲಿಲ್ಲ. ಕೂಸು ತಾಯಿಯ ಎದೆಗೆ ಕಚ್ಚಿಕೊಂಡ ಹಾಗೆ ಎಲೆಗಳೆಲ್ಲ ಕೊಂಬೆಗೆ ಕಚ್ಚಿಕೊಂಡಿದ್ದವು. ಬೇರೆ ಮರಗಳು ಗಾಳಿಯ ಜೊತೆ ತೂಗಿ ತೂಗಿ ಹರಟುತ್ತಿದ್ದರೆ, ಅರಳಿ ಮರ ದೂರದ ದಿಬ್ಬದ ಮೇಲೆ ಒಂದೇ ನಿಂತಿರುತ್ತಿತ್ತು. ಅದನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ಹೊಳೆದಂಡೆಯ ಹಟ್ಟಿಯಲ್ಲಿ ಬೊಮ್ಮಕ್ಕ ಎಂಬ ಹೆಂಗಸಿದ್ದಳು. ಅವಳ ಗಂಡ ಮಾಚ. ಮನೆಯಲ್ಲಿ ಇಬ್ಬರೇ. ಒಂದು ಬೇಸಿಗೆಯ ಮಧ್ಯಾಹ್ನ ಅವಳು ಆಡು ಮೇಯಿಸಿ ಬಂದಾಗ ಮಾಚ ಚಾಪೆಯ ಮೇಲೆ ಮಲಗಿದ್ದ. ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ದಣಿದಿದ್ದಾನೆ, ಮಲಗಲಿ ಅಂತ ಬೊಮ್ಮಕ್ಕ ಪಕ್ಕದಲ್ಲೇ ಕೂತು ಹುಣಸೆಹಣ್ಣಿನ ಬೀಜ ಬಿಡಿಸಿದಳು. ಮರಿ ಹಾಕಿದ ಆಡಿನ ಸುದ್ದಿಯನ್ನು ಮೆಲ್ಲಗೆ ಅವನಿಗೆ ಹೇಳಿದಳು. ಬಿಸಿಲು ಇಳಿದ ಮೇಲೆ, ಏಳು ಅಂತ ಮುಟ್ಟಿದಳು. ಮಾಚ ಯಾವಾಗಲೋ ಹೋಗಿಬಿಟ್ಟಿದ್ದ.

ಅವತ್ತಿನಿಂದ ಬೊಮ್ಮಕ್ಕನಿಗೆ ಮಧ್ಯಾಹ್ನ ಅಂದರೆ ಭಯ. ಕತ್ತಲೆಗೆ ಅವಳು ಹೆದರುತ್ತಿರಲಿಲ್ಲ. ಕತ್ತಲಲ್ಲಿ ಕಪ್ಪೆ ವಟಗುಟ್ಟುತ್ತದೆ, ಜೀರುಂಡೆ ಕಿರ್ರೆನ್ನುತ್ತದೆ. ಆದರೆ ನಡುಹಗಲಲ್ಲಿ ಎಲ್ಲವೂ ಸುಮ್ಮನಾದಾಗ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಅಲುಗದೆ ಇರುವುದೆಲ್ಲ ಹೋಗಿಬಿಟ್ಟಿದೆ ಅನ್ನಿಸುತ್ತಿತ್ತು. ಮಲಗಿದ ಆಡನ್ನು ಎಬ್ಬಿಸುತ್ತಿದ್ದಳು. ಪಕ್ಕದ ಮನೆಗೆ ನುಗ್ಗಿ ಮಲಗಿದ ಮಕ್ಕಳನ್ನು ಅಲುಗಿಸುತ್ತಿದ್ದಳು. ಮಕ್ಕಳು ಬೆಚ್ಚಿ ಅತ್ತರೆ, "ಅಳ್ತಿದ್ದೀಯಾ? ಸದ್ಯ, ಅಳು" ಅಂತ ಅವಳೂ ಅಳುತ್ತಿದ್ದಳು.

ಹಟ್ಟಿಯ ಯಜಮಾನ ಗಾದ್ರಯ್ಯ ಒಳ್ಳೆಯವನೇ. ಅವಳನ್ನು ಕೂರಿಸಿಕೊಂಡು ಹೇಳಿದ:

"ನೋಡು ತಾಯಿ, ಹುಲಿಗೆ ಹೆದರು, ಎಲ್ಲ ಸೇರಿ ಮುಳ್ಳಿನ ಬೇಲಿ ಹಾಕ್ಕೊಡ್ತೀವಿ. ಹೊಳೆಗೆ ಹೆದರು, ಮನೇನ ಮೇಲಕ್ಕೆ ಕಟ್ಟಿಕೊಡ್ತೀವಿ. ಸುಮ್ಮನಿರೋ ಮಧ್ಯಾಹ್ನಕ್ಕೆ ಹೆದರಿದ್ರೆ ಎಲ್ಲಿ ಬೇಲಿ ಹಾಕೋದು?"

"ನಂಗೂ ಗೊತ್ತು ಮಾವಯ್ಯ, ಏನೂ ಆಗಲ್ಲ ಅಂತ" ಅಂದಳು ಬೊಮ್ಮಕ್ಕ. "ಗೊತ್ತಿದ್ರೂ ಎಬ್ಬಿಸದೆ ಇರಕ್ಕಾಗಲ್ಲ."

ಕೊನೆಗೆ ಮಕ್ಕಳ ತಾಯಂದಿರು ಬೇಸತ್ತು, "ನೀನು ಸ್ವಲ್ಪ ದೂರ ಇರಮ್ಮ" ಅಂದರು. ಬೊಮ್ಮಕ್ಕ ಆಡುಗಳನ್ನು ಹಟ್ಟಿಯಲ್ಲೇ ಬಿಟ್ಟು, ಅರಳಿ ಮರದ ದಿಬ್ಬದ ಮೇಲೆ ಸಣ್ಣ ಗುಡಿಸಲು ಹಾಕಿಕೊಂಡಳು.

ಅವಳು ಗಾಳಿಯನ್ನು ಕೇಳಿದಳು: "ಮಧ್ಯಾಹ್ನವೂ ಇಲ್ಲೇ ಇರ್ತೀಯಾ?"

"ಆಗ್ಲೇ ನಂಗೆ ಕಡಲ ಹತ್ರ ಕೆಲಸ ಜಾಸ್ತಿ, ಬೊಮ್ಮಕ್ಕ" ಅಂತ ಗಾಳಿ ಹೊರಟೇಹೋಯಿತು.

ಹೊಳೆಯನ್ನು ಕೇಳಿದಳು: "ಜೋರಾಗಿ ಹರಿ, ನಂಗೆ ಕೇಳಿಸೋ ಹಾಗೆ."

"ಬೇಸಿಗೇಲಿ ನನ್ನ ದನಿ ನಂಗೇ ಕೇಳ್ಸಲ್ಲ" ಅಂತು ಹೊಳೆ.

ಉಳಿದದ್ದು ಅರಳಿ ಮರ. ಅದನ್ನು ನೋಡಿದರೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯ. ಅಷ್ಟು ದೊಡ್ಡ ಮರ, ಅಷ್ಟೊಂದು ಎಲೆ, ಒಂದೂ ಮಿಸುಕುವುದಿಲ್ಲ. ಒಂದು ಮಧ್ಯಾಹ್ನ ತಡೆಯಲಾರದೆ ಅವಳು ಕಾಂಡಕ್ಕೆ ಎರಡೂ ಕೈಯಿಂದ ಬಡಿದು ಕೂಗಿದಳು: "ಇದ್ದೀಯೋ ಇಲ್ವೋ? ಇದ್ರೆ ಹೇಳು!"

"ಇದ್ದೀನಿ" ಅಂತು ಮರ. ತುಂಬಾ ಕಾಲ ಮಾತಾಡದೆ ಅದರ ದನಿ ಒಣಗಿಹೋಗಿತ್ತು.

"ಇದ್ರೆ ಯಾಕೆ ಅಲುಗಲ್ಲ?"

"ಹೆದರಿಕೆ" ಅಂತು ಮರ. "ನಾನು ಹುಟ್ಟಿದ ಮೊದಲ ಚಳಿಗಾಲದಲ್ಲಿ ನನ್ನ ಎಲೆ ಅಷ್ಟೂ ಬಿದ್ದುಹೋದ್ವು. ಮತ್ತೆ ಚಿಗುರಿದ್ವು, ನಿಜ. ಆದ್ರೂ ಅಲುಗಿದ್ರೆ ಬೀಳ್ತವೆ ಅಂತ ಭಯ. ಅದಕ್ಕೇ ಬಿಗಿ ಹಿಡ್ಕೊಂಡಿದ್ದೀನಿ. ನಗ್ತೀಯಾ?"

ಬೊಮ್ಮಕ್ಕ ನಗಲಿಲ್ಲ. "ಕೊಂಬೆ ನೋಯಲ್ವಾ?" ಅಂತ ಕೇಳಿದಳು.

ಅದನ್ನು ಅವತ್ತಿನವರೆಗೆ ಯಾರೂ ಕೇಳಿರಲಿಲ್ಲ. "ನೋಯುತ್ತೆ" ಅಂತು ಮರ.

ಮರುದಿನ ಬಿಸಿಲು ಏರಿತು. ಗಾಳಿ ಹೋಯಿತು. ಹಕ್ಕಿಗಳು ನೆರಳು ಸೇರಿದವು. ಬೊಮ್ಮಕ್ಕ ಮರದ ಬುಡದಲ್ಲಿ ಮುದುಡಿ, ಕಣ್ಣು ಮುಚ್ಚಿ, ಗಡಗಡ ನಡುಗುತ್ತಿದ್ದಳು. ಮರ ಅವಳನ್ನು ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ ಒಂದೇ ಒಂದು ಎಲೆಯ ಮೇಲಿನ ಹಿಡಿತವನ್ನು ಚೂರು ಸಡಿಲ ಮಾಡಿತು.

ಪೂರ್ತಿ ಬಿಡಲು ಮನಸ್ಸಿಲ್ಲ, ಹಿಡಿಯುವ ಹಾಗೂ ಇಲ್ಲ. ಬಿಟ್ಟೂ ಬಿಡದೆ ಎಳೆದು ಹಿಡಿದದ್ದಕ್ಕೆ ಎಲೆಯ ಬುಡದಲ್ಲಿ ನೂಲಿನಂಥ ಉದ್ದ ತೊಟ್ಟು ಹೊರಟಿತು. ಎಲೆ ತೂಗಾಡಿತು. ಪಟಪಟ ಅಂತ ಸಣ್ಣ ಸದ್ದಾಯಿತು. ಬೊಮ್ಮಕ್ಕ ಕಣ್ಣು ತೆರೆದಳು.

ಅಷ್ಟರಲ್ಲಿ ಎಲೆ ಕಳಚಿ ಬಿತ್ತು.

ಮರ ಚೀರಿತು. ಬೊಮ್ಮಕ್ಕ ಎಲೆಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಏನೂ ಆಗಲಿಲ್ಲ ಅಂತ ಸುಳ್ಳು ಹೇಳಲಿಲ್ಲ. "ಬಿತ್ತು ಕಣಪ್ಪ" ಅಂದಳು. "ನನ್ನಿಂದ ಹೀಗಾಯ್ತು. ಸಾಕು, ಇನ್ನು ಅಲುಗಬೇಡ."

ಮರ ಕೇಳಲಿಲ್ಲ. ಇನ್ನೊಂದು ಎಲೆಯನ್ನು ಸಡಿಲ ಬಿಟ್ಟಿತು. ಆಮೇಲೆ ಮತ್ತೊಂದನ್ನು.

ಆ ಬೇಸಿಗೆ ಮುಗಿಯುವಷ್ಟರಲ್ಲಿ ಇಡೀ ಮರದ ಎಲೆಗಳೆಲ್ಲ ತೊಟ್ಟಿನಲ್ಲಿ ತೂಗುತ್ತಿದ್ದವು. ಎಷ್ಟೋ ಬಿದ್ದವು. ಬಿದ್ದಾಗಲೆಲ್ಲ ಮರಕ್ಕೆ ನೋವಾಯಿತು, ಭಯವೂ ಆಯಿತು. ಆದರೂ ಅಲುಗಿತು. ಬೊಮ್ಮಕ್ಕನ ಭಯವೂ ಹೋಗಲಿಲ್ಲ, ಮಗೂ. ಎಲೆಯ ಸದ್ದು ಕೇಳುತ್ತಿದ್ದರೆ ಕಣ್ಣು ತೆರೆದು ಕೂರುವಷ್ಟು ಧೈರ್ಯ ಮಾತ್ರ ಬರುತ್ತಿತ್ತು. ಗಾದ್ರಯ್ಯ ಆಗೀಗ ರಾಗಿ ತಂದು ಗುಡಿಸಲ ಮುಂದೆ ಇಟ್ಟು ಹೋಗುತ್ತಿದ್ದ. ಬೇರೆ ಯಾರೂ ಬರುತ್ತಿರಲಿಲ್ಲ. ದಿಬ್ಬದ ಮೇಲೆ ಅವಳು, ಮರ, ಇಬ್ಬರೇ.

ಹಾಗೇ ಅವಳಿಗೆ ವಯಸ್ಸಾಯಿತು. ಒಂದು ದಿನ ಬುಡದಲ್ಲಿ ಮಲಗಿದವಳು ಏಳಲಿಲ್ಲ. ಹಟ್ಟಿಯವರು ಬಂದು, ಅಲ್ಲೇ ಬೇರುಗಳ ನಡುವೆ ಮಣ್ಣು ತೋಡಿ ಅವಳನ್ನು ಮಲಗಿಸಿದರು. ಹಣ್ಣು ಹಣ್ಣು ಮುದುಕನಾಗಿದ್ದ ಗಾದ್ರಯ್ಯ ಎಲ್ಲರೂ ಹೋದ ಮೇಲೂ ನಿಂತಿದ್ದ. ಗಾಳಿ ಇರಲಿಲ್ಲ. ಎಲೆಗಳು ಮಾತ್ರ ಅಲುಗುತ್ತಿದ್ದವು.

"ಇನ್ನು ಸಾಕಪ್ಪ" ಅಂದ ಅವನು. "ಬಿಗಿಯಾಗಿ ಹಿಡ್ಕೊ ನಿನ್ನ ಎಲೇನ. ಬೊಮ್ಮಕ್ಕ ಇಲ್ಲ."

ಮರಕ್ಕೆ ಆ ಮಾತು ಅರ್ಥವಾಗಲಿಲ್ಲ. ಮಣ್ಣಿನೊಳಗೆ ಹೋದ ಬೀಜ ಮಳೆ ಬಂದ ಮೇಲೆ ಎದ್ದು ಬರುತ್ತದೆ. ಅದು ಕಂಡಿದ್ದು ಅಷ್ಟೇ.

"ಮಣ್ಣಲ್ಲಿ ಇಟ್ಟಿದ್ದೀರಲ್ಲ, ಏಳ್ತಾಳೆ" ಅಂತು ಮರ. "ಅವಳು ಏಳೋ ಹೊತ್ತಿಗೆ ಎಲ್ಲ ಸುಮ್ಮನಿದ್ರೆ ಹೆದರ್ಕೋತಾಳೆ."

ಗಾದ್ರಯ್ಯ ದಿಬ್ಬ ಇಳಿದು ಹೋದ.

ಅದಕ್ಕೇ ಮಗೂ, ಬೇವು, ಹೊಂಗೆ, ಮಾವು ಎಲ್ಲವೂ ಮಿಸುಕದೆ ನಿಂತ ಬೇಸಿಗೆಯ ಮಧ್ಯಾಹ್ನದಲ್ಲೂ, ನೀನು ತಲೆ ಎತ್ತಿ ನೋಡಿದರೆ ಅರಳಿ ಮರದ ಎಲೆಗಳು ಮಾತ್ರ ಸಣ್ಣಗೆ ಪಟಪಟ ಅನ್ನುತ್ತಾ ನಡುಗುತ್ತಿರುತ್ತವೆ.